‘ಇನ್ನೂ’ ಎಂದು ನಿಲ್ಲುತ್ತಿದ್ದ ಪ್ಲೇಟು

ನಮ್ಮ ಮನೆಯಲ್ಲಿ ಬಡಿಸುವವರು ‘ಸ್ವಲ್ಪ ಹಾಕಲಾ?’ ಎಂದು ಕೇಳುವುದಿಲ್ಲ. ‘ಇನ್ನೂ, ಇನ್ನೂ, ಇನ್ನೂ’ ಎಂದು ಒಂದೇ ರಾಗದಲ್ಲಿ, ಮೂಗಿನಿಂದ ಸ್ವಲ್ಪ ಎಳೆದು ಹೇಳುತ್ತಾರೆ. ಉಣ್ಣುವವರಿಗೆ ಹೊಟ್ಟೆ ತುಂಬಿದ್ದರೆ ‘ಸಾಕು ಬಿಡು ತಾಯಿ’ ಎನ್ನಬೇಕು. ಬಡಿಸುವವನು ಮೀಸೆ ಹೊತ್ತ ಗಂಡಸಾದರೂ ತಾಯಿಯೇ. ಹೊಸದಾಗಿ ಊಟಕ್ಕೆ ಬಂದವರು ಇವರಿಗೆಲ್ಲೋ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೊಡಿಗೇಹಳ್ಳಿಯ ಹಳಬರು ಮಾತ್ರ ಅಂದುಕೊಳ್ಳುವುದಿಲ್ಲ, ಏಕೆಂದರೆ ಅವರ ಮನೆಗಳಲ್ಲೂ ಹಾಗೆಯೇ ಬಡಿಸುತ್ತಾರೆ. ಇದೆಲ್ಲ ಬಂದದ್ದು ನಮ್ಮಪ್ಪನ ಒಂದು ಪ್ಲೇಟಿನಿಂದ.

ಪ್ಲೇಟು ಎಂದರೆ ಇಡ್ಲಿ ತಿನ್ನುವ ತಟ್ಟೆಯಲ್ಲ. ಈಗ ಆರ್.ಟಿ. ನಗರದ ಕಾಫಿ ಅಂಗಡಿಗಳಲ್ಲಿ ಹುಡುಗರು ‘ವಿನೈಲ್’ ಎಂದು ತುಟಿ ಮಡಿಸಿ ಹೇಳುತ್ತಾರಲ್ಲ, ಆ ಕರಿಯ ಹಾಡಿನ ಬಿಲ್ಲೆ. ನಮ್ಮ ಕಡೆ ಅದಕ್ಕೆ ಪ್ಲೇಟು ಎಂದೇ ಹೆಸರು. ಅದರ ಮೇಲೆ ಓಡುವ ಸೂಜಿಗೆ ಮುಳ್ಳು ಎನ್ನುತ್ತಿದ್ದರು. ಅಪ್ಪನದು ಮೈಕ್‌ಸೆಟ್ ಅಂಗಡಿ, ಕೊಡಿಗೇಹಳ್ಳಿ ಗೇಟಿನ ಹತ್ತಿರ. ಮದುವೆ, ನಾಮಕರಣ, ಗಣೇಶನ ಪೆಂಡಾಲು, ಯಾವುದಿದ್ದರೂ ತೆಂಗಿನ ಮರಕ್ಕೆ ಎರಡು ಹಾರ್ನ್ ಕಟ್ಟಿ, ಕೆಳಗೆ ಮೇಜಿನ ಮೇಲೆ ಮೆಷಿನ್ನಿಟ್ಟು ಪ್ಲೇಟು ತಿರುಗಿಸುವುದು ಅವನ ಕೆಲಸ. ಇತ್ತ ಹೆಬ್ಬಾಳದಿಂದ ಅತ್ತ ಬಾಗಲೂರಿನವರೆಗೆ ಯಾರ ಮನೆಯಲ್ಲಿ ಯಾವಾಗ ತಾಳಿ ಬಿದ್ದಿತು ಎನ್ನುವುದು ಪುರೋಹಿತರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಹೇಳುತ್ತಿರುವ ಪ್ಲೇಟು ಸಣ್ಣದು, ಒಂದೊಂದು ಬದಿಗೆ ಒಂದೇ ಹಾಡು. ಹಾಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಫೋನ್ ತೆಗೆದು ಹುಡುಕಿ ಕೇಳಿಬಿಡುತ್ತೀರಿ, ‘ಓಹೋ ಇದಾ’ ಎನ್ನುತ್ತೀರಿ. ಅದು ನಮ್ಮ ಹಾಡಲ್ಲ. ಮುಸ್ಸಂಜೆಯಲ್ಲಿ ಹೆಣ್ಣೊಬ್ಬಳು ದಾರಿ ಕಾಯುವ ಹಾಡು ಎಂದಷ್ಟೇ ತಿಳಿಯಿರಿ. ನಮ್ಮ ಪ್ಲೇಟಿನಲ್ಲಿ ಎರಡನೆಯ ಚರಣದ ನಡುವೆ ‘ಇನ್ನೂ’ ಎಂಬ ಮಾತು ಬಂದ ಕೂಡಲೇ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು. ‘ಇನ್ನೂ… ಇನ್ನೂ… ಇನ್ನೂ…’ ಅಪ್ಪ ಬಂದು ಬೆರಳಿನಿಂದ ಮುಳ್ಳನ್ನೆತ್ತಿ, ಹಾಡಿದಾಕೆಗೆ ಕೇಳಿಸುವಂತೆ ‘ಸಾಕು ಬಿಡು ತಾಯಿ’ ಎಂದು ಹೇಳಿ, ಸ್ವಲ್ಪ ಮುಂದೆ ಇಡುತ್ತಿದ್ದ. ಮಧ್ಯದ ಒಂದು ಸಾಲು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ಮನೆಯಲ್ಲಿ ಆ ಹಾಡು ಹೇಳುವಾಗಲೂ ಅಲ್ಲಿ ಮೂರು ಸಲ ‘ಇನ್ನೂ’ ಎಂದು, ಒಂದು ಕ್ಷಣ ತಡೆದು, ಮುಂದಿನ ಸಾಲಿಗೆ ಹಾರುತ್ತಿದ್ದರು. ಹಾಡೇ ಹಾಗೆ ಎಂದು ನಾನೂ ಬಹಳ ಕಾಲ ನಂಬಿದ್ದೆ.

ಬೇರೆ ಯಾವನಾದರೂ ಆಗಿದ್ದರೆ ಅಂಥ ಪ್ಲೇಟನ್ನು ಎಸೆಯುತ್ತಿದ್ದ. ಅಪ್ಪ ಅದನ್ನು ಊಟದ ಹೊತ್ತಿಗೆ ಹಾಕುತ್ತಿದ್ದ. ಪಂಕ್ತಿಯಲ್ಲಿ ಪಾಯಸ ಬರುವ ಸಮಯ ನೋಡಿಕೊಂಡು ಹಾಕಿದರೆ, ಮರದ ಮೇಲಿನ ಹಾರ್ನ್ ‘ಇನ್ನೂ ಇನ್ನೂ’ ಎನ್ನುತ್ತಿತ್ತು, ಬಡಿಸುವವರು ನಗುತ್ತಾ ಸೌಟು ಬಗ್ಗಿಸುತ್ತಿದ್ದರು, ಬೀಗರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಜಿಪುಣ ಬೀಗರಿದ್ದ ಕಡೆ ಅಪ್ಪ ಬೇಕೆಂದೇ ಎದ್ದು ಬರಲು ತಡಮಾಡುತ್ತಿದ್ದನಂತೆ.

ಆ ಪ್ಲೇಟಿಗೆ ಗೀರು ಬಿದ್ದದ್ದು ಹೇಗೆ ಎಂಬುದನ್ನು ಊರಿನವರು ಹೇಳುತ್ತಿದ್ದುದು ಹೀಗೆ. ಅಪ್ಪ ಅಮ್ಮನ ಮದುವೆ ಬಾಗಲೂರಿನಲ್ಲಿ, ಅಮ್ಮನ ತವರಿನ ಅಂಗಳದಲ್ಲಿ. ಮೈಕ್‌ಸೆಟ್ಟು ಅಪ್ಪನದೇ. ಮೆಷಿನ್ ನೋಡಿಕೊಳ್ಳಬೇಕಾದ ಗೆಳೆಯ ತಿಂಡಿಗೆ ಹೋಗಿದ್ದ. ಹಸೆಮಣೆಯ ಮೇಲೆ ಮದುಮಕ್ಕಳು ಕೂತಿದ್ದಾರೆ, ಪುರೋಹಿತರು ಮಂತ್ರದಲ್ಲಿದ್ದಾರೆ, ಹಾಡು ಹೋಗಿ ‘ಇನ್ನೂ ಇನ್ನೂ’ ಎಂದು ನಿಂತುಬಿಟ್ಟಿತು. ಯಾರೂ ಏಳಲಿಲ್ಲ. ಅಪ್ಪ ಸ್ವಲ್ಪ ಹೊತ್ತು ತಡೆದುಕೊಂಡು, ಕೊನೆಗೆ ಬಾಸಿಂಗ ಕಟ್ಟಿಕೊಂಡೇ ಎದ್ದು, ಚಪ್ಪರ ದಾಟಿ, ಮುಳ್ಳು ಸರಿಮಾಡಿ ಬಂದು ಕೂತ. ಹಸೆಯಿಂದ ಗಂಡು ಎದ್ದರೆ ಅಪಶಕುನವೆಂದು ಹಿರಿಯರು ಬಾಯಿ ಬಾಯಿ ಬಡಿದುಕೊಂಡರು. ಅವಸರದಲ್ಲಿ ಮುಳ್ಳನ್ನು ಎಳೆದದ್ದರಿಂದಲೇ ಪ್ಲೇಟಿಗೆ ಗೀರು ಬಿತ್ತು, ಮುಂದೆ ಸದಾ ಅಲ್ಲೇ ನಿಲ್ಲತೊಡಗಿತು ಎಂಬುದು ಕಥೆ. ಅಪ್ಪನಿಗೆ ಸಾಯುವವರೆಗೂ ‘ಎದ್ದೋದ ಮದುಮಗ’ ಎಂಬ ಅಡ್ಡಹೆಸರು ಉಳಿಯಿತು. ಅಮ್ಮ ಈ ಕಥೆ ನಡೆಯುವಾಗ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ.

ಆಮೇಲೆ ಕ್ಯಾಸೆಟ್ ಬಂತು, ಸಿ.ಡಿ. ಬಂತು. ಪ್ಲೇಟುಗಳು ಅಂಗಡಿಯ ಅಟ್ಟಕ್ಕೆ ಹೋದವು. ಆದರೂ ಯುಗಾದಿಗೊಮ್ಮೆ ಅಪ್ಪ ಎಲ್ಲವನ್ನೂ ಕೆಳಗಿಳಿಸಿ, ಹಳೆಯ ಬನಿಯನ್ ಒದ್ದೆಮಾಡಿ ಒಂದೊಂದನ್ನೇ ಒರೆಸುತ್ತಿದ್ದ. ಆ ಸಣ್ಣ ಪ್ಲೇಟನ್ನು ಮಾತ್ರ ಒರೆಸುತ್ತಿರಲಿಲ್ಲ. ಒಮ್ಮೆ ನಾನು ಬನಿಯನ್ ಹಿಡಿದು ಅದಕ್ಕೆ ಕೈ ಹಾಕಿದಾಗ ಕಿತ್ತುಕೊಂಡ. ಗೀರು ಇನ್ನಷ್ಟು ದೊಡ್ಡದಾದೀತು ಎಂಬ ಭಯವಿರಬೇಕು ಎಂದು ನನ್ನ ಬುದ್ಧಿಗೆ ತೋಚಿತ್ತು.

ಅಪ್ಪ ಹೋದ ಕೆಲವು ವರ್ಷಕ್ಕೆ, ಎರಡು ಸಾವಿರದ ಎಂಟರ ಹೊತ್ತಿಗೆ, ವಿಮಾನ ನಿಲ್ದಾಣದ ರಸ್ತೆಗಾಗಿ ಅಂಗಡಿಯ ಜಾಗ ಹೋಯಿತು. ಸಾಮಾನೆಲ್ಲ ಮನೆಗೆ ಬಂತು. ಮನೆಯಲ್ಲಿದ್ದವರು ನಾನು, ಅಮ್ಮ, ಇಬ್ಬರೇ. ಊರಿನವರ ಮದುವೆಗೆಲ್ಲ ಹಾಡು ಹಾಕಿದವನ ಮಗಳಿಗೆ ಮದುವೆಯಾಗಲಿಲ್ಲ ಎಂದು ಮರುಗುವವರಿಗೆ ನಾನು ಉತ್ತರ ಕೊಟ್ಟು ಕೊಟ್ಟು ಆಗಲೇ ಪಳಗಿದ್ದೆ. ಹೆಸರಘಟ್ಟದ ಸಂಶೋಧನಾ ಕೇಂದ್ರವೊಂದರ ಲೈಬ್ರರಿಯಲ್ಲಿ ನನ್ನ ಕೆಲಸ. ಹಳೆಯದನ್ನು ಜೋಪಾನ ಮಾಡುವುದೇ ಕಸುಬಾದ್ದರಿಂದ ಪ್ಲೇಟುಗಳನ್ನು ಇಟ್ಟುಕೊಳ್ಳೋಣ ಎಂದೆ.

ಅಮ್ಮ ಒಪ್ಪಲಿಲ್ಲ. “ಇಟ್ಕೊಂಡು ಏನ್ ಉಪ್ಪಿನಕಾಯಿ ಆಕ್ತೀಯಾ? ಮೆಷಿನ್ನೇ ಕೆಟ್ ಕೂತದೆ. ಮನೇಲಿ ಕಾಲಿಡಾಕೆ ಜಾಗ ಇಲ್ಲ.”

ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋದ. ಅವನ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಸಿಟ್ಟಿನಿಂದ ಬಾಗಿಲಲ್ಲೇ ನಿಂತಿದ್ದೆ. ಆ ರಾತ್ರಿ ಅಮ್ಮನ ಜೊತೆ ಮಾತಾಡಲಿಲ್ಲ. ಮಾರನೆಯ ದಿನ ಅವಳ ಟ್ರಂಕಿನಿಂದ ಹಪ್ಪಳದ ಡಬ್ಬ ತೆಗೆಯಲು ಹೋದರೆ, ಧಾರೆಸೀರೆಯ ಮಡಿಕೆಯಲ್ಲಿ ಆ ಸಣ್ಣ ಪ್ಲೇಟು ಬೆಚ್ಚಗೆ ಕೂತಿತ್ತು. ಕವರಿನೊಳಗೆ ನಾಲ್ಕಾರು ಲವಂಗ.

“ಲವಂಗ ಯಾಕಮ್ಮ?”

“ಇರುವೆ ಬರ್ತವೆ” ಎಂದಳು.

ಸಕ್ಕರೆ ಡಬ್ಬಕ್ಕೆ ಲವಂಗ ಹಾಕುವುದು ಗೊತ್ತಿತ್ತು. ಪ್ಲೇಟಿಗೆ ಇರುವೆ ಏಕೆ ಬರುತ್ತದೆ ಎಂದು ನಾನು ಕೇಳಲಿಲ್ಲ. ಇಷ್ಟಾದರೂ ಇಟ್ಟುಕೊಂಡಳಲ್ಲ ಎಂದು ನನ್ನ ಸಿಟ್ಟು ಇಳಿದಿತ್ತು, ಅಷ್ಟೇ.

ಇತ್ತ ಲೋಕ ತಮಾಷೆ ಶುರುಮಾಡಿತು. ಮೊದಲು ಎಲ್ಲರ ಕಿವಿಗೂ ವೈರು ಬಂತು. ಯಲಹಂಕದ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಬೇರೆ ಬೇರೆ ಹಾಡಿಗೆ ತಲೆಯಾಡಿಸುವುದನ್ನು ನೋಡಿದರೆ ನನಗೆ ಭಯವಾಗುತ್ತಿತ್ತು. ಅಪ್ಪನ ಕಾಲದಲ್ಲಿ ಒಂದು ಹಾಡು ಹಾಕಿದರೆ ಮೂರು ಊರು ಕೇಳಬೇಕಿತ್ತು, ಇಷ್ಟವಿರಲಿ ಬಿಡಲಿ. ಸಾವಿರಾರು ಹಾಡು ಜೇಬಿಗೆ ಬಂದ ಮೇಲೆ ಅದೇ ಜನಕ್ಕೆ ಅದೂ ಸಾಕಾಯಿತು. ಪ್ಲೇಟೇ ಚೆನ್ನ, ಅದರ ಧ್ವನಿಯಲ್ಲಿ ಬಿಸುಪಿದೆ ಎನ್ನತೊಡಗಿದರು. ನಾವು ತೂಕಕ್ಕೆ ಹಾಕಿದ್ದನ್ನು ಗಾಜಿನ ಕಪಾಟಿನಲ್ಲಿಟ್ಟು, ರೇಷ್ಮೆ ಸೀರೆಗೆ ಹೇಳುವ ಬೆಲೆ ಹೇಳತೊಡಗಿದರು. ಮನೆಯೊಳಗಿನ ಬಾವಿ ಮುಚ್ಚಿ ಬೀದಿಯಲ್ಲಿ ನೀರು ಕೊಳ್ಳುವ ಬುದ್ಧಿ ಇದು ಎಂದು ಲೈಬ್ರರಿಯಲ್ಲಿ ಗೊಣಗಿದರೆ, ನನ್ನ ಸಹೋದ್ಯೋಗಿ “ನಿಮಗೆ ಹೊಟ್ಟೆಯುರಿ ಕಣ್ರೀ” ಎಂದು ನಕ್ಕಳು. ಸುಳ್ಳಲ್ಲ.

ಆದರೆ ಯೋಚಿಸಿದರೆ ಆ ಹುಡುಗರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಫೋನಿನ ಹಾಡಿಗೆ ಮೈಯಿಲ್ಲ. ಅದನ್ನು ಧಾರೆಸೀರೆಯಲ್ಲಿ ಸುತ್ತಿಡಲಾಗುವುದಿಲ್ಲ. ಅದಕ್ಕೆ ಪೆಟ್ಟು ಬೀಳುವುದಿಲ್ಲ, ಕಲೆಯಾಗುವುದಿಲ್ಲ, ನನ್ನ ಫೋನಿನ ಹಾಡೂ ನಿಮ್ಮ ಫೋನಿನ ಹಾಡೂ ಒಂದೇ. ನಮ್ಮ ಪ್ಲೇಟಿನಂಥದು ಮಾತ್ರ ಇನ್ನೊಂದಿರಲಿಲ್ಲ.

ಎರಡು ಸಾವಿರದ ಹದಿನೇಳರ ಸುಮಾರಿಗೆ ಅಮ್ಮನ ಕಿವಿ ಕೈಕೊಟ್ಟಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಯಲಹಂಕದ ಡಾಕ್ಟರು. ಕಿವಿಗೆ ಸಿಕ್ಕಿಸುವ ಮೆಷಿನ್ ಕೊಟ್ಟರು. ಮಾತೇನೋ ಕೇಳಿಸುತ್ತಿತ್ತು, ಹಾಡೆಲ್ಲ ತಗಡು ಬಡಿದ ಹಾಗಾಗುತ್ತಿತ್ತು. ಅಮ್ಮ ಅದನ್ನು ಡಬ್ಬಿಯಲ್ಲಿಟ್ಟು ಟ್ರಂಕಿನಿಂದ ಪ್ಲೇಟು ತೆಗೆದಳು.

“ಒಂದ್ಸಲ ಇದನ್ನ ಕೇಳ್ಬೇಕು ಕಣೆ. ಈ ಕಿವೀನೂ ಓಗೋಕ್ ಮುಂಚೆ.”

ನಾನು ಜಾಣತನ ಮಾಡಿದೆ. ಫೋನಿನಲ್ಲಿ ಅದೇ ಹಾಡನ್ನು ಹುಡುಕಿ, ದೊಡ್ಡದು ಮಾಡಿ ಅವಳ ಬಲಗಿವಿಗೆ ಹಿಡಿದೆ. ಅಮ್ಮ ಕಣ್ಣುಮುಚ್ಚಿದಳು. ಎರಡನೆಯ ಚರಣ ಬರುತ್ತಿದ್ದಂತೆ ಅವಳ ಬಲಗೈ ತೊಡೆಯಿಂದ ಸ್ವಲ್ಪ ಮೇಲೆದ್ದಿತು. ಹಾಡು ‘ಇನ್ನೂ ಹೊತ್ತಿದೆ’ ಎಂದು ಹೇಳಿ ನಿಲ್ಲದೆ ಮುಂದೆ ಹೋಯಿತು.

ಅಮ್ಮ ಕಣ್ಣು ತೆರೆದಳು. “ಒತ್ತಿದೆ ಅಂತ ಯಾರ್ ಸೇರ್ಸಿದ್ದು ಅಲ್ಲಿ?”

“ಯಾರೂ ಸೇರಿಸಿಲ್ಲಮ್ಮ. ಹಾಡಲ್ಲೇ ಇದೆ. ನಮ್ಮ ಪ್ಲೇಟಲ್ಲಿ ಕೇಳಿಸ್ತಿರ್ಲಿಲ್ಲ, ಅಷ್ಟೇ.”

“ಇದಲ್ಲ ಕಣೆ. ಅದು ನಿಲ್ತದೆ. ನಿಂತಿದ್ ಕೇಳ್ಬೇಕು ನಂಗೆ” ಎಂದಳು. ಅವಳು ಅದುವರೆಗೆ ನನ್ನಿಂದ ಏನನ್ನೂ ಹಾಗೆ ಕೇಳಿರಲಿಲ್ಲ.

ಯಶವಂತಪುರದ ರಿಪೇರಿ ಅಂಗಡಿಗೆ ಅಪ್ಪನ ಮೆಷಿನ್ ಹೊತ್ತುಕೊಂಡು ಹೋದೆ. ಮುಳ್ಳೂ ಸಿಗುವುದಿಲ್ಲ, ಬೆಲ್ಟೂ ಸಿಗುವುದಿಲ್ಲ ಎಂದು ಕೈಯಲ್ಲಾಡಿಸಿದರು. ಕೊನೆಗೆ ಹೊಟ್ಟೆಯುರಿ ಎಂದು ನಕ್ಕಿದ್ದ ಸಹೋದ್ಯೋಗಿಯೇ ಆರ್.ಟಿ. ನಗರದ ಕಾಫಿ ಅಂಗಡಿಯೊಂದರ ದಾರಿ ಹೇಳಿದಳು. ಗೋಡೆಯ ತುಂಬ ಪ್ಲೇಟುಗಳಂತೆ, ಬಂದವರು ತಮ್ಮದನ್ನು ತಂದು ಹಾಕಿಸಬಹುದಂತೆ. ನಾನು ಯಾರನ್ನು ಅಣಕಿಸುತ್ತಿದ್ದೆನೋ ಅವರದೇ ಬಾಗಿಲು ಬಡಿಯಬೇಕಾಯಿತು.

ಅಂಗಡಿಯವನು ಮೂವತ್ತು ದಾಟಿದವನು, ತಲೆಗೂದಲನ್ನು ಜುಟ್ಟು ಕಟ್ಟಿದ್ದ. ಪ್ಲೇಟನ್ನು ಅಂಚಿನಲ್ಲಿ ಮಾತ್ರ ಹಿಡಿದು ದೀಪಕ್ಕೆ ಓರೆಮಾಡಿ ನೋಡಿದ. “ಆಂಟಿ, ಎಲ್ಲಿತ್ತು ಇದು? ಸಖತ್ ಪೀಸು!”

“ಟ್ರಂಕಲ್ಲಿ. ನನ್ನನ್ನ ಆಂಟಿ ಅನ್ನಬೇಡಿ.”

“ಸಾರಿ ಮೇಡಮ್.”

ನಡುವಿನ ತೂತು ದೊಡ್ಡದು, ಅದಕ್ಕೆ ಕೂರಿಸುವ ಬಿಲ್ಲೆ ತರಿಸಬೇಕು, ಪ್ಲೇಟು ಇಲ್ಲೇ ಇರಲಿ, ಶನಿವಾರ ಅಮ್ಮನನ್ನು ಕರೆದುಕೊಂಡು ಬನ್ನಿ ಎಂದ. ಎರಡನೆಯ ಚರಣದಲ್ಲಿ ನಿಲ್ಲುತ್ತದೆ, ನನ್ನ ಅಮ್ಮ ಅದನ್ನೇ ಕೇಳಲು ಬರುವುದು ಎಂದು ನಾನು ಹೇಳಿದೆ. ಅವನು ‘ನಿಲ್ಲುತ್ತದೆ’ ಎಂಬುದನ್ನು ಮಾತ್ರ ಕೇಳಿಸಿಕೊಂಡ. ಅದು ದೂರು ಎಂದುಕೊಂಡ. ಪ್ಲೇಟಿನ ಮೇಲೆ ಅಷ್ಟು ಪ್ರೀತಿಯಿದ್ದವನಿಗೆ ಬೇರೆ ಹೇಗೆ ಕೇಳಿಸಬೇಕು?

ಶನಿವಾರ ಅಮ್ಮ ತಲೆಗೆ ಕನಕಾಂಬರ ಮುಡಿದು ಹೊರಟಳು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಆಟೋ ನಿಂತು ನಿಂತು ಸಾಗುವಾಗ ಅವಳು ಬಲಗಿವಿಯ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದಳು. ಇರುವಷ್ಟನ್ನು ಗಾಡಿಗಳ ಸದ್ದಿಗೆ ಖರ್ಚು ಮಾಡಬಾರದು ಎನ್ನುವವಳ ಹಾಗೆ.

ಅಂಗಡಿಯಲ್ಲಿ ಗೋಡೆಯ ಮೇಲಿನ ಬೆಲೆಚೀಟಿಗಳನ್ನು ನಾನು ಓದಿ ಹೇಳಿದೆ. “ಅಷ್ಟಕ್ಕೆ ಎಣ್ಣೇಲಿ ಕರ್ದು ಕೊಡ್ತಾರೇನೆ?” ಎಂದು ಅಮ್ಮ ಗಟ್ಟಿಯಾಗಿ ಕೇಳಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಂಗಡಿಯವನು ನಕ್ಕು, ಸ್ಪೀಕರಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದ. ಆಮೇಲೆ ಬಹುಮಾನ ಕೊಡುವವನ ಮುಖಮಾಡಿ ಪ್ಲೇಟನ್ನು ಎತ್ತಿ ತೋರಿಸಿದ. ಅದು ಪಳಪಳ ಹೊಳೆಯುತ್ತಿತ್ತು.

“ಮೇಡಮ್, ಗೀರೇ ಇರ್ಲಿಲ್ಲ ಇದ್ರಲ್ಲಿ! ಒಂದ್ ಕಡೆ ಏನೋ ಅಂಟು ಒಣಗಿ ಕಲ್ಲಾಗಿತ್ತು. ನೆನೆಸಿ, ಬ್ರಷ್ ಆಡಿಸ್ದೆ, ಕರಗ್ಬಿಡ್ತು. ಬೆಲ್ಲದ ಥರ ವಾಸನೆ. ಕವರಲ್ಲಿ ಲವಂಗ ಬೇರೆ ಇತ್ತು, ತೆಗ್ದಿಟ್ಟಿದೀನಿ. ಇನ್ಮೇಲೆ ಎಲ್ಲೂ ನಿಲ್ಲಲ್ಲ!”

ಇರುವೆ, ಲವಂಗ, ಒರೆಸಬಾರದ ಪ್ಲೇಟು, ಎಲ್ಲ ಆ ಕ್ಷಣದಲ್ಲಿ ಒಂದರ ಪಕ್ಕ ಒಂದು ಬಂದು ನಿಂತವು. “ಅಯ್ಯೋ, ಅದನ್ಯಾಕ್ರೀ ತೆಗೆದ್ರಿ!” ಎನ್ನುವಷ್ಟರಲ್ಲಿ ಅವನು ಮುಳ್ಳು ಇಟ್ಟಾಗಿತ್ತು.

ಅಮ್ಮನಿಗೆ ನಮ್ಮ ಮಾತು ಕೇಳಿಸಿರಲಿಲ್ಲ. ಅವಳು ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟು ಕೂತಿದ್ದಳು. ಹಾಡು ಶುರುವಾಯಿತು. ಮರದ ಮೇಲಿನ ಹಾರ್ನಿನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ನುಣುಪಾಗಿತ್ತು. ಮೊದಲ ಚರಣ ಮುಗಿಯಿತು. ಎರಡನೆಯದು ಬಂತು. ಅವಳ ಕೈ ಮೇಲೆದ್ದಿತು. ‘ಇನ್ನೂ’ ಎನ್ನುವಲ್ಲಿ ‘ಟಕ್’ ಎಂದು ಸಣ್ಣ ಸದ್ದಾಯಿತು, ಅಷ್ಟೇ. ‘ಹೊತ್ತಿದೆ’ ಎಂದು ಹಾಡು ಮುಂದೆ ನಡೆಯಿತು. ಅಮ್ಮನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

ಹಾಡು ಮುಗಿಯಿತು. ನಾನು ಅವಳ ಕಿವಿಗೆ ಬಾಗಿ, ಅವನು ತೊಳೆದ ವಿಷಯ ಹೇಳಿದೆ. ಅಂಗಡಿಯವನು ಜಗಳವೋ ಅಳುವೋ ತಿಳಿಯದೆ “ಏನಾಯ್ತು ಆಂಟಿ?” ಎಂದು ಮತ್ತೆ ಆಂಟಿಗೆ ಇಳಿದಿದ್ದ. ಅಮ್ಮ ಅವನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ಅದು ಪಾನಕ ಕಣಪ್ಪ” ಎಂದಳು. “ನಮ್ ಮದ್ವೆ ಪಾನಕ. ನಮ್ ಸೋದರತ್ತೆ ಚೆಂಬು ಇಡ್ಕೊಂಡು ಓಗ್ತಾ ಮೆಷಿನ್ ಮೇಲ್ ತುಳುಕ್ಸಿದ್ಳು. ಅದಕ್ಕೇ ನಿಂತಿದ್ದು. ಅವ್ರು ಎಳ್ದು ಗೀರ್ ಬಿದ್ದಿದ್ದೇನಲ್ಲ.”

“ಅಪ್ಪನಿಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿಲ್ದೆ ಏನು? ಒದ್ದೆ ಬಟ್ಟೇಲಿ ಒರ್ಸಿದ್ರೆ ಓಗ್ತಿತ್ತು. ನಾನೇ ಬ್ಯಾಡ ಅಂದಿದ್ದೆ.”

ಏಕೆ ಎಂದು ಕೇಳುವ ಮೊದಲೇ ಅವಳು ಹೇಳತೊಡಗಿದಳು. ಕಿವಿ ಕೇಳದವರ ಗಟ್ಟಿ ದನಿಯಲ್ಲಿ, ಕಾಫಿ ಕುಡಿಯುವವರೆಲ್ಲ ಕೇಳುವ ಹಾಗೆ.

“ಮೈಕ್‌ಸೆಟ್ನೋನು, ಊರೂರ್ ತಿರ್ಗೋನು, ಎಂಗೋ ಏನೋ ಅಂತ ಎದೆ ಒಡ್ಕೊಂತಾ ಕೂತಿದ್ದೆ ಹಸೆ ಮ್ಯಾಲೆ. ಮಕ ಸೈತ ಸರ್ಯಾಗಿ ನೋಡಿರ್ಲಿಲ್ಲ. ನಮ್ಮಪ್ಪ ಕೈ ಎತ್ತಿದ್ರೆ ನಮ್ಮವ್ವನ್ನ ಒಡ್ಯಾಕೇ ಎತ್ತೋದು. ಗಂಡಸ್ರ ಕೈ ಅಂದ್ರೆ ಅಷ್ಟೇ ಗೊತ್ತಿದ್ದಿದ್ದು ನಂಗೆ. ಇವ್ರು ಎದ್ದೋದ್ರಲ್ಲ, ಎಲ್ರೂ ಬೈಯ್ತಾವ್ರೆ, ಆವಾಗ ತಲೆ ಎತ್ತಿ ನೋಡ್ದೆ. ಮುಳ್ಳಿಗೆ ಎಲ್ಲಿ ನೋವಾಗ್ತದೋ ಅನ್ನಂಗೆ, ಮಲಗಿರೋ ಮಗೀನ ಕೈ ಎತ್ತಿ ಪಕ್ಕಕ್ಕಿಡ್ತಾರಲ್ಲ, ಅಂಗೆ ಎತ್ತಿದ್ರು. ‘ಸಾಕು ಬಿಡು ತಾಯಿ’ ಅಂದ್ರು ಅದಕ್ಕೆ. ಈ ಕೈ ನನ್ ಒಡ್ಯಲ್ಲ ಅಂತ ಗೊತ್ತಾಗೋಯ್ತು.” ಪ್ಲೇಟಿನ ಕಡೆ ನೋಡಿ, “ಒಡೀಲೂ ಇಲ್ಲ” ಎಂದಳು.

ಇಷ್ಟು ವರ್ಷ ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದವಳ ಮುಖದಲ್ಲಿ ಏನಿತ್ತು ಎಂದು ನನಗೆ ಆಗ ತಿಳಿಯಿತು. ಅಂಗಡಿಯವನು ನೆಲ ನೋಡುತ್ತಿದ್ದ. “ನನ್ನಿಂದ ಹೋಯ್ತಲ್ಲಮ್ಮ” ಎಂದ. ಅವನ ಕಣ್ಣು ತುಂಬಿತ್ತು. ನನಗೂ ಅವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ.

ಅಮ್ಮ ಕುರ್ಚಿಯ ತೋಳು ಹಿಡಿದು ಎದ್ದಳು. “ತಿರುಗ್ಸಪ್ಪ ಇನ್ನೊಂದ್ಸಲ” ಎಂದಳು.

ಅವನು ಮತ್ತೆ ಮೊದಲಿನಿಂದ ಹಾಕಿದ. ಅಮ್ಮ ಮೆಷಿನ್ನಿನ ಪಕ್ಕ ಹೋಗಿ ನಿಂತು, ಬಲಗಿವಿಯನ್ನು ಬಗ್ಗಿಸಿ ಕಾದಳು. ಅವಳು ಮುಳ್ಳಿನ ಕಡೆ ಕೈ ಚಾಚಿದಾಗ ಅವನು ತಡೆಯಲು ಒಂದು ಹೆಜ್ಜೆ ಮುಂದೆ ಬಂದ. ಅಂಥ ದುಬಾರಿ ಮುಳ್ಳಿಗೆ ಅವನು ಯಾರ ಕೈಯನ್ನೂ ತಾಗಗೊಡುವವನಲ್ಲ. ಆಮೇಲೆ ಏನನ್ನಿಸಿತೋ, ಅಲ್ಲೇ ನಿಂತ.

‘ಇನ್ನೂ’ ಎಂದಿತು ಪ್ಲೇಟು. ಅಮ್ಮ ಒಂದೇ ಬೆರಳಿನಿಂದ ಮುಳ್ಳನ್ನೆತ್ತಿ, ಒಂದು ಕೂದಲೆಳೆ ಹಿಂದಕ್ಕಿಟ್ಟಳು. ಮೊದಲ ಸಲ ತಪ್ಪಿ ಬೇರೆಲ್ಲೋ ಬಿತ್ತು. ಮತ್ತೆ ಎತ್ತಿ ಇಟ್ಟಳು. ‘ಇನ್ನೂ’ ಎಂದಿತು. ಎತ್ತಿದಳು, ಇಟ್ಟಳು. ‘ಇನ್ನೂ.’ ಮುಳ್ಳನ್ನು ಎತ್ತುವಾಗ ಮಣಿಕಟ್ಟು ಬಾಗಿದ ರೀತಿ ನನಗೆ ಗೊತ್ತಿತ್ತು. ಅದು ಅಪ್ಪನ ಕೈ. ಅವಳು ಅದನ್ನು ಅಷ್ಟು ಸರಿಯಾಗಿ ನೋಡಿಟ್ಟುಕೊಂಡಿದ್ದಳು.

ಎಷ್ಟು ಸಲ ಮಾಡಿದಳೋ ನಾನು ಲೆಕ್ಕ ಇಡಲಿಲ್ಲ. ಕೊನೆಗೆ ಮುಳ್ಳನ್ನು ಮೇಲೆತ್ತಿ ಹಾಗೆಯೇ ಹಿಡಿದುಕೊಂಡಳು. ಕೆಳಗೆ ಪ್ಲೇಟು ಸದ್ದಿಲ್ಲದೆ ತಿರುಗುತ್ತಿತ್ತು.

“ಸಾಕು ಬಿಡು ತಾಯಿ” ಎಂದಳು ಅಮ್ಮ, ಮೆಲ್ಲಗೆ, ತನಗೂ ಕೇಳಿಸದಷ್ಟು ಮೆಲ್ಲಗೆ.